ಕಿವಿಯ ಎತ್ತರಕ್ಕೆ

ಟ್ರ್ಯಾಕ್ಟರ್ ಶೋರೂಮಿನ ಭರತೇಶ ಚೌಗಲಾ
ಎರಡು ಹೆಸರಿನ ಚೀಟಿ ನನ್ನ ಕೈಗಿಟ್ಟು
"ಮಾಸ್ತರ, ನಲವತ್ತ ಸಾವಿರ ಉಳದೈತಿ. ಒಬ್ಬನ್ನ ಹೇಳ್ರಿ" ಅಂದ.
ನಾಳೆ ಹತ್ತಕ್ಕೆ ಹರಾಜು.

ಮೈಬೂಬ ನದಾಫ.
ಹತ್ತೊಂಬತ್ತು. ಗಾದಿ ಹೊಲಿಯುವ ಮನೆತನ.
ಚೆಂಡೂ ಹಾಗೆಯೇ, ಹಾಕಿದಲ್ಲೇ ಬೀಳುತ್ತದೆ,
ಗೇಣು ಆಚೆಯಿಲ್ಲ, ಗೇಣು ಈಚೆಯಿಲ್ಲ.
ಕೊನೆಯ ಓವರಿಗೆ ಎಂಟು ಬೇಕಾದಾಗ
ಆರು ಕೊಟ್ಟು ಬೆವರು ಒರೆಸಿಕೊಳ್ಳುತ್ತಾನೆ.
ಇವತ್ತಿನ ಅವನಲ್ಲಿ ಐದು ವರ್ಷದಾಚೆಯ ಅವನೂ ಕಾಣುತ್ತಾನೆ:
ಇದೇ ಓಟ, ಇದೇ ವೇಗ, ಒಂಚೂರು ಹೊಟ್ಟೆ.
ಬ್ಯಾಂಕಿನ ಠೇವಣಿ ಅಂತ ವಹಿಯಲ್ಲಿ ಬರೆದೆ,
ನಾಚಿ ಹೊಡೆದುಹಾಕಿದೆ.

ಇನ್ನೊಬ್ಬ ಸಿದರಾಯ.
ಹದಿನೇಳು ಅಂತಾನೆ, ಮೀಸೆ ಇನ್ನೂ ಒಪ್ಪಿಲ್ಲ.
ಎಳೆದು ಸವೆದ ಬಲಗಾಲ ಬೂಟಿನ ತುದಿಗೆ
ಚಪ್ಪಲಿ ಹೊಲಿಯುವ ಅಪ್ಪ
ಎಮ್ಮೆ ತೊಗಲಿನ ತೇಪೆ ಹಾಕಿದ್ದಾನೆ.
ಮೊದಲ ಚೆಂಡು ಕೀಪರನ ತಲೆಮೇಲಿಂದ ಕಬ್ಬಿನೊಳಕ್ಕೆ.
ಎರಡನೆಯದು ಅಂಪೈರನಿಗೂ ನಗು ತರಿಸಿತು.
ಮೂರನೆಯದು,
ಹೇಗೆ ಹೇಳಲಿ,
ಬ್ಯಾಟು ಇಳಿಯುವ ಮೊದಲೇ ಹಿಂದೆ ಕಟ್ಟಿಗೆ ಸದ್ದು.
ಆಡುತ್ತಿದ್ದವ ತಿರುಗಿ ನೋಡಿ
ದಾರಿಯಲ್ಲಿ ಬೈಸಿಕೊಂಡವರ ಹಾಗೆ ನಕ್ಕ.

ಮೂವತ್ತು ವರ್ಷದಲ್ಲಿ ಅಂಥ ಚೆಂಡು ಎರಡು ಸಲ ಕಂಡಿದ್ದೇನೆ.
ಒಂದು ನನ್ನದೇ.
ಅದು ಯಾರಿಗೂ ನೆನಪಿಲ್ಲ,
ಗೂಡಿನ ಬೆಂಕಿಪೊಟ್ಟಣ ಎಟುಕದ ಈ ಭುಜಕ್ಕೆ ಬಿಟ್ಟು.

ಮುಗಿದ ಮೇಲೆ ಎಲ್ಲರೂ ಕಬ್ಬಿನ ಹಾಲಿಗೆ ಓಡಿದರು.
ಸಿದರಾಯ ಲೇಸು ಕಟ್ಟಬೇಕಿತ್ತು.
ಬಗ್ಗಲಿಲ್ಲ.
ಗೋಡೆ ಹಿಡಿದು, ತುಂಬು ಬಸುರಿಯ ಹಾಗೆ,
ಮೆಲ್ಲಗೆ ಕುಕ್ಕರಗಾಲಲ್ಲಿ ಕೂತ.
ನಾನೊಬ್ಬನೇ ನೋಡಿದೆ.
ನಾನು ನೋಡಿದ್ದನ್ನು ಅವನೂ ನೋಡಿದ.

ಸಂಜೆ ಉಂಗುಟ ಕಿತ್ತ ಚಪ್ಪಲಿಯ ನೆಪದಲ್ಲಿ ಅವನಪ್ಪನ ಅಂಗಡಿಗೆ.
ಹದವಾಗುವ ತೊಗಲು ಯಾವುದು, ಬಿರಿಯುವುದು ಯಾವುದು,
ಹೇಗೆ ಆರಿಸುತ್ತೀ ಎಂದು ಕೇಳಿದೆ,
ದೊಡ್ಡ ಮಾತೇನಾದರೂ ಸಿಕ್ಕೀತೆಂದು.
"ಸಾವಕಾರ್ರು ಕಳಿಸಿದ್ದು ಹೊಲೀತೀನ್ರಿ" ಅಂದ.
ದಾರ ಹಲ್ಲಲ್ಲಿ ಕಡಿದು, ತಲೆ ಎತ್ತದೆ,
"ಹುಡುಗ ಎಷ್ಟಕ್ಕ ಹೋಗ್ತಾನ್ರಿ ಮಾಸ್ತರ?"

ಹೊಲಿಗೆಗೆ ಹತ್ತು ರೂಪಾಯಿ ಕೊಟ್ಟು ಎದ್ದುಬಂದೆ.

ರಾತ್ರಿ ಸಕ್ಕರೆ ಕಾರ್ಖಾನೆಯ ಹೊಗೆ ಊರ ಮೇಲೆ ಕೂತಿತ್ತು.
ಚೌಗಲಾನಿಗೆ ಅಪಾಯವೆಂದರೆ ನಲವತ್ತು ಸಾವಿರ,
ಒಂದು ಟ್ರ್ಯಾಕ್ಟರ್ ಹೋದರೆ ತುಂಬಿಬಂತು.
ಸಿದರಾಯನಿಗೆ
ಸೊಂಟದ ಮೇಲಿನ ನಾಲ್ಕು ಬೆರಳಗಲ.
ಎರಡಕ್ಕೂ ನಾವು ಬಳಸುವುದು ಒಂದೇ ಪದ.
ಹೇಳಿದರೆ ಬೆಲೆ ಬಿತ್ತು.
ಹೇಳದಿದ್ದರೆ ಇನ್ನೊಂದು ಬಿದ್ದೀತು, ಬೀಳದೆಯೂ ಇದ್ದೀತು,
ಹದಿನೇಳರ ಎಲುಬು, ಯಾರು ಬಲ್ಲರು.
ನನ್ನದನ್ನೂ ಯಾರೋ ಕಂಡಿರಬೇಕು, ಸುಮ್ಮನಿದ್ದಿರಬೇಕು.
ಬೈಯಲು ಬಾಯಿ ಬರುವುದಿಲ್ಲ ಇವತ್ತಿಗೂ:
ಆ ಒಂದು ಹಂಗಾಮು ನನ್ನದಾಗಿತ್ತು,
ರಾಯಬಾಗದಿಂದ ಜಮಖಂಡಿವರೆಗೆ.

ಮಂಗಲ ಕಾರ್ಯಾಲಯದಲ್ಲಿ ಹರಾಜು.
ಹಿಂದಿನ ಮದುವೆಯ ಝಂಡು ಹೂ ಕಂಬಕ್ಕೆ ಹಾಗೇ ಇತ್ತು.
ಸಿದರಾಯನ ಹೆಸರು ಮೊದಲೇ ಬಂತು.
ಐದು. ಎಂಟು. ಹದಿನೈದು. ಗೋಕಾಕದವರು ಇಪ್ಪತ್ತೆಂಟು.
ಗೋಡೆಗೆ ಆನದೆ ನಿಂತಿದ್ದ ಹುಡುಗ,
ನೆಟ್ಟಗೆ, ಬೇಕಾದ್ದಕ್ಕಿಂತ ನೆಟ್ಟಗೆ.
ಮೂವತ್ತಾರಕ್ಕೆ ಚೌಗಲಾ ನನ್ನ ಮುಖ ನೋಡಿದ.

ಬಲಗೈ ತಾನೇ ಎದ್ದಿತು,
ಕಿವಿಯವರೆಗೆ ಬಂದು
ಅಲ್ಲೇ ನಿಂತಿತು, ಅದಕ್ಕೆ ಅಷ್ಟೇ ಬರುವುದು.

"ಮಾಸ್ತರ, ಬೋಲಿ ಏನ್ರಿ ಇದು, ಕಿವಿ ತುರಸೂದೋ?"
ಮೈಕಿನವ ಕೇಳಿದ.
ಸಭೆ ನಕ್ಕಿತು. ಮೈಬೂಬನೂ ನಕ್ಕ, ಪಾಪ.
ಕೊನೆಯ ಸಾಲಿನ ಖುರ್ಚಿಯಿಂದ ಅವನಪ್ಪ
ಕಣ್ಣು ಕಿರಿದು ಮಾಡಿ
ನನ್ನ ಭುಜವನ್ನೇ ನೋಡುತ್ತಿದ್ದ,
ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು.